ಸಹಾಯ ಬೇಕು: ಮುತ್ತಜ್ಜನ ಹಳೇ ಜಮೀನು ದಾಖಲೆ, ಪಾಂಡವಪುರ ತಾಲ್ಲೂಕು

ಸಾಮಾನ್ಯ ರೈತರಾಗಿದ್ದ ನಮ್ಮ ಮುತ್ತಜ್ಜನ ಬದುಕಿನ ಜಾಡು ಹುಡುಕುತ್ತಿದ್ದೇವೆ. ಇಂಥವರ ಹೆಸರು ಶಾಸನದಲ್ಲಿರಲ್ಲ, ಕಂದಾಯದ ಪುಸ್ತಕದಲ್ಲಿರುತ್ತೆ. ಅದಕ್ಕೇ ಜಮೀನಿನಿಂದ ಶುರು ಮಾಡಿದೆವು.

ಈಗಿನ ಪಹಣಿಯಿಂದ (ಜಮೀನಿನ ಹಕ್ಕು, ಬೆಳೆ ತೋರಿಸೋ ದಾಖಲೆ) ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಹೋದರೆ ಕೈಬರಹದ ಪಹಣಿವರೆಗೂ ದಾರಿ ಸಿಗುತ್ತೆ. ತೊಡಕು ಪೋಡಿಯಲ್ಲಿ, ಅಂದರೆ ಒಂದು ಸರ್ವೆ ನಂಬರನ್ನು ಅಳೆದು ಭಾಗ ಮಾಡೋದರಲ್ಲಿ. ಈಗ 4/1, 4/2 ಅಂತಿರೋದು ಹಿಂದೆ ಬರೀ 4. ಉಪನಂಬರ್ ಹಾಕಿ ಅರ್ಜಿ ಕೊಟ್ಟರೆ 'ದಾಖಲೆ ಲಭ್ಯವಿಲ್ಲ' ಅನ್ನೋ ಹಿಂಬರಹವೇ (ಕಚೇರಿಯ ಲಿಖಿತ ಉತ್ತರ) ಗತಿ. ಮೂಲ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ದಾಖಲೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಕೇಳಬೇಕು. ಹೆಸರಿನದೂ ಅದೇ ಪಾಡು: ತಾತನ ಹೆಸರೇ ಮೊಮ್ಮಗನಿಗೆ ಇಡೋದರಿಂದ ತಂದೆಯ ಹೆಸರು, ವಿಸ್ತೀರ್ಣ ಎರಡೂ ತಾಳೆಯಾಗದೆ ಇವರೇ ಅಂತ ನಂಬಬೇಡಿ.

ಒಂದು ಹಳೇ ಕ್ರಯಪತ್ರದಲ್ಲಿ 'ಸಿದ್ಧಾರ್ಥಿ ಸಂವತ್ಸರ' ಅಂತಷ್ಟೇ ಓದಕ್ಕಾಗ್ತಿದೆ, ಇಸವಿ ಇದ್ದ ಮೂಲೆ ಹುಳು ತಿಂದಿದೆ. ಅರವತ್ತು ವರ್ಷಕ್ಕೊಮ್ಮೆ ಬರೋದರಿಂದ ಅದು 1919-20 ಆಗಬಹುದು, 1859-60 ಕೂಡ ಆಗಬಹುದು. ನೋಂದಣಿ ಮುದ್ರೆಯ ಅಂಚು ಕಾಣುತ್ತೆ, 1859ರಷ್ಟು ಹಿಂದೆ ಇಂಥ ಮುದ್ರೆ ಇದ್ದಿರಲಾರದು ಅಂದುಕೊಂಡು 1919 ಅಂತ ನಮ್ಮ ಅಂದಾಜು.

ಬೇಕಿರೋ ಸಹಾಯ: ನಮ್ಮ ತಾಲ್ಲೂಕಿರೋ ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆ ಆಗಿದ್ದೇ 1939ರಲ್ಲಿ. ಅದಕ್ಕೂ ಹಿಂದಿನ ಕಂದಾಯ ಕಡತ ತಾಲ್ಲೂಕು ರೆಕಾರ್ಡ್ ರೂಮಿನಲ್ಲಿ ಸಿಕ್ಕಿತಾ, ಮೈಸೂರಿನಲ್ಲಿ ಸಿಕ್ಕಿತಾ? ತೆಗೆಸಿದವರು ಅರ್ಜಿಯಲ್ಲಿ ಯಾವ ವಹಿಯ ಹೆಸರು ಬರೆದಿರಿ ಹೇಳಿ. ಈ ಕಡೆ ಒಕ್ಕಲು ಮನೆಗಳ ವಂಶಾವಳಿ ಹೇಳೋಕೆ ಹೆಳವರು ಈಗಲೂ ಬರ್ತಾರಾ? ಯಾವ ತಿಂಗಳಲ್ಲಿ ಅಂತ ಗೊತ್ತಿದ್ದರೆ ದಯವಿಟ್ಟು ತಿಳಿಸಿ.