ಪ್ರಯೋಗಾಲಯದ ಲೆಕ್ಕ ತಾಳೆಯಾಗುತ್ತಿಲ್ಲ: ರಿಜಿಸ್ಟರ್‌ನಲ್ಲಿ 24 ಥರ್ಮಾಮೀಟರ್, ಶೀಟ್‌ನಲ್ಲಿ 21, ಕಪಾಟಿನಲ್ಲಿ 16

ಮಲೆನಾಡ_ಪಿಸಿಎಂ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿ. ಹಿಂದಿನವರು ವರ್ಗವಾಗಿ ಹೋದಾಗ ಲ್ಯಾಬ್‌ನ ಚಾರ್ಜ್ ನನಗೆ ಬಂತು. ಗಡಿಬಿಡಿಯಲ್ಲಿ ಒಂದೂ ಸಾಮಾನು ಎಣಿಸದೆ ಚಾರ್ಜ್ ಪಟ್ಟಿಗೆ ಸಹಿ ಹಾಕಿಬಿಟ್ಟೆ. ಈಗ ಅದೇ ನಿದ್ದೆ ಕೆಡಿಸಿದೆ.

ಸ್ಟಾಕ್ ರಿಜಿಸ್ಟರ್ ನೋಡಿಕೊಂಡು ಗೂಗಲ್ ಶೀಟ್ಸ್‌ನಲ್ಲಿ ಎರಡು ಪುಟ ಮಾಡಿದ್ದೇನೆ: ‘ದಾಸ್ತಾನು’, ‘ಒಡೆದದ್ದು’. ವಸ್ತುವಿನ ಹೆಸರು ಹಿಡಿದು ಒಡೆದದ್ದನ್ನು ಕೂಡಿಸಲು ಸಮ್‌ಇಫ್ ಸೂತ್ರ ಹಾಕಿದ್ದೇನೆ. ಥರ್ಮಾಮೀಟರ್ ಒಡೆದದ್ದು ಕೈಯಲ್ಲಿ ಎಣಿಸಿದರೆ 5. ಸೂತ್ರ 3 ಎನ್ನುತ್ತದೆ. ಹಾಗಾಗಿ ಶೀಟ್ 24ರಲ್ಲಿ 3 ಕಳೆದು 21 ತೋರಿಸುತ್ತಿದೆ. ಕಪಾಟಿನಲ್ಲಿ ಇರುವುದು 16. ಬೀಕರ್, ಟ್ಯೂನಿಂಗ್ ಫೋರ್ಕ್‌ಗಳದ್ದೂ ಇದೇ ಕಥೆ. ಕಾಗುಣಿತ ಮೂರು ಸಲ ನೋಡಿದೆ, ತಪ್ಪಿಲ್ಲ. ಇನ್ನೊಂದು, ಇಲ್ಲಿಯ ಮಳೆಗೆ ಬಾಟಲಿ ಮೇಲಿನ ಲೇಬಲ್‌ಗಳು ಒಂದು ತಿಂಗಳೂ ನಿಲ್ಲುತ್ತಿಲ್ಲ. ಎರಡಕ್ಕೂ ದಾರಿ ಹೇಳಿ.

ಕೋಶಸೂತ್ರ

ಮೇಡಂ, ಹಳೆಯ ಪಟ್ಟಿಯನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ, ಆಮೇಲೆ ಯುನಿಕೋಡ್‌ಗೆ ಬದಲಿಸಿದ್ದಾರಾ? ಖಾಲಿ ಕೋಶದಲ್ಲಿ ಅಕ್ಷರ ಎಣಿಸುವ ಲೆನ್ ಸೂತ್ರ ಹಾಕಿ, ಸರಿ ಕೂಡಿದ ಒಂದು ಥರ್ಮಾಮೀಟರ್ ಸಾಲನ್ನೂ ಕೂಡದ ಒಂದು ಸಾಲನ್ನೂ ಅಳೆದು ನೋಡಿ.

ಮಲೆನಾಡ_ಪಿಸಿಎಂ

ಹೌದು, ನುಡಿಯದ್ದೇ. ಒಂದು 10 ಬಂತು, ಇನ್ನೊಂದು 11! ಕಣ್ಣಿಗೆ ಎರಡೂ ಒಂದೇ. ಕೊನೆಯಲ್ಲಿ ಖಾಲಿ ಜಾಗ ಇರಬಹುದೆಂದು ಟ್ರಿಮ್ ಹಾಕಿದರೂ 11ಕ್ಕೆ 11.

ಕೋಶಸೂತ್ರ

ಸಿಕ್ಕಿತು. ‘ಥರ್ಮಾಮೀಟರ್’ ಪದದ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ. ಒತ್ತಕ್ಷರ ಆಗದಂತೆ ತಡೆಯಲು ಕನ್ನಡದಲ್ಲಿ ಬಳಸುವ ಶೂನ್ಯ ಅಗಲದ ಅಕ್ಷರ ಅದು, ಯುನಿಕೋಡ್ ಸಂಖ್ಯೆ 8204. ಕೆಲವು ಪರಿವರ್ತಕಗಳು, ಕೀಲಿಮಣೆಗಳು ಪದದ ಕೊನೆಗೂ ಅದನ್ನು ಅಂಟಿಸುತ್ತವೆ. ಟ್ರಿಮ್‌ಗೆ ಅದು ಖಾಲಿ ಜಾಗವಲ್ಲ, ಹಾಗಾಗಿ ತೆಗೆಯುವುದಿಲ್ಲ. ನಮಗೆ ಒಂದೇ ಪದ, ಶೀಟ್‌ಗೆ ಎರಡು ವಸ್ತು.

ಪಕ್ಕದಲ್ಲಿ ಹೊಸ ಕಂಬಸಾಲು (ಕಾಲಂ) ಮಾಡಿ, ಸಬ್‌ಸ್ಟಿಟ್ಯೂಟ್ ಸೂತ್ರದಲ್ಲಿ ಯುನಿಚಾರ್(8204) ಇರುವಲ್ಲೆಲ್ಲ ಏನೂ ಇಲ್ಲದಂತೆ ಬದಲಿಸಿ. ಎರಡೂ ಪುಟದಲ್ಲಿ ಮಾಡಿ, ಸಮ್‌ಇಫ್‌ಗೆ ಆ ಕಂಬಸಾಲನ್ನೇ ಕೊಡಿ. ಮೂಲ ಹೆಸರನ್ನು ಮಾತ್ರ ಮುಟ್ಟಬೇಡಿ. ‘ವೋಲ್ಟ್‌ಮೀಟರ್’ ಪದದ ನಡುವೆ ಆ ಅಕ್ಷರ ಬೇಕೇಬೇಕು. ತೆಗೆದರೆ ಟಕಾರಕ್ಕೆ ಮಕಾರ ಒತ್ತಾಗಿ ‘ವೋಲ್ಟ್ಮೀಟರ್’ ಆಗುತ್ತದೆ.

ಇದು ಇವತ್ತಿನ ಮಟ್ಟಿಗೆ. ಮುಂದಕ್ಕೆ ಹೆಸರಿನ ಮೇಲೆ ಲೆಕ್ಕ ನಿಲ್ಲಿಸಬೇಡಿ. ಪ್ರತಿ ಬಗೆಗೂ ಒಂದು ಸಂಕೇತ ಕೊಡಿ: ಭೌ-07, ರಾ-12, ಜೀ-03, ಹೀಗೆ. ಮುಂದೆ ಅಕ್ಷರ ಇರಲೇಬೇಕು. ಬರೀ 07 ಎಂದರೆ ಶೀಟ್ ಅದನ್ನು 7 ಮಾಡಿಬಿಡುತ್ತದೆ. ‘ಒಡೆದದ್ದು’ ಪುಟದಲ್ಲಿ ಸಂಕೇತವನ್ನು ಟೈಪ್ ಮಾಡದೆ ಪಟ್ಟಿಯಿಂದ ಆರಿಸುವಂತೆ ಡೇಟಾ ವ್ಯಾಲಿಡೇಶನ್ ಹಾಕಿ.

ಮಲೆನಾಡ_ಪಿಸಿಎಂ

ದೇವರು ಒಳ್ಳೆಯದು ಮಾಡಲಿ ನಿಮಗೆ. ಈಗ 5 ಬಂತು, ಉಳಿಕೆ 19. ಬೀಕರ್ ಪೂರ್ತಿ ತಾಳೆಯಾಯಿತು. ಆದರೂ ಥರ್ಮಾಮೀಟರ್ ಮೂರು ಕಡಿಮೆ. 19 ಇರಬೇಕಾದ ಕಡೆ 16.

ಗಾಜುಸಾಮಾನು

ಅಮ್ಮಾ, ನಾನು ಪಿಯು ಕಾಲೇಜಿನ ಲ್ಯಾಬ್‌ನಲ್ಲಿ ಅಟೆಂಡರ್ ಆಗಿದ್ದವನು. ಕಂಪ್ಯೂಟರ್ ಲೆಕ್ಕ ನನಗೆ ತಿಳಿಯದು, ಕಪಾಟಿನ ಲೆಕ್ಕ ಗೊತ್ತು.

ಲೇಬಲ್ ವಿಷಯ ಮೊದಲು. ಜೆಲ್ ಪೆನ್ನು, ಇಂಕ್‌ಜೆಟ್ ಪ್ರಿಂಟರ್ ಇಂಕು ಎರಡೂ ಸಾಮಾನ್ಯವಾಗಿ ನೀರಿಗೆ ಕದಡುತ್ತವೆ. ಕಾಗದದ ಮೇಲೆ ಸೀಸದ ಕಡ್ಡಿಯಲ್ಲಿ ಒತ್ತಿ ಬರೆಯಿರಿ, ಬಾಟಲಿಗೆ ಅಂಟಿಸಿ ಒಣಗಲು ಬಿಡಿ. ಆಮೇಲೆ ಕರಗಿದ ಮೇಣವನ್ನು ಬ್ರಷ್‌ನಿಂದ ಲೇಬಲ್ ಮೇಲೂ ಅದರ ಅಂಚಿನಾಚೆ ಬೆರಳಗಲ ಗಾಜಿನ ಮೇಲೂ ಬಳಿಯಿರಿ. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ನೇರ ಉರಿಗೆ ಬೇಡ, ಸ್ಪಿರಿಟ್ ಬಾಟಲಿ ಹತ್ತಿರವಂತೂ ಬೇಡವೇ ಬೇಡ. ಆಸಿಡ್ ಬಾಟಲಿಯನ್ನು ಲೇಬಲ್ ಇರುವ ಕಡೆ ಅಂಗೈಗೆ ಬರುವಂತೆ ಹಿಡಿದು ಸುರಿಯುವುದನ್ನು ಮಕ್ಕಳಿಗೆ ಕಲಿಸಿ. ಹನಿ ಇಳಿದರೂ ಹೆಸರಿನ ಮೇಲೆ ಇಳಿಯುವುದಿಲ್ಲ.

ಗಾಜಿನ ಮೇಲೆ ಡೈಮಂಡ್ ಪೆನ್ಸಿಲ್‌ನಿಂದ ನಂಬರ್ ಕೊರೆಯಿರಿ ಎಂದು ಯಾರಾದರೂ ಹೇಳಬಹುದು. ಕಾಯಿಸುವ ಬೀಕರ್, ಟೆಸ್ಟ್ ಟ್ಯೂಬ್ ಮೇಲೆ ಕೊರೆಯಬೇಡಿ. ಬಿಸಿಯಾದಾಗ ಗೀರಿನಿಂದಲೇ ಸೀಳು ಬಿಡುತ್ತದೆ. ಅವುಗಳಿಗೆ ಒಂದೊಂದಕ್ಕೂ ನಂಬರ್ ಬೇಕಾಗಿಯೂ ಇಲ್ಲ, ಒಟ್ಟು ಎಣಿಕೆ ಸಾಕು. ಮೈಕ್ರೋಸ್ಕೋಪ್, ಗ್ಯಾಲ್ವನೋಮೀಟರ್, ರೆಸಿಸ್ಟೆನ್ಸ್ ಬಾಕ್ಸ್, ತಕ್ಕಡಿ, ಇವಕ್ಕೆ ಮಾತ್ರ ಒಂದೊಂದಕ್ಕೂ ಎನಾಮಲ್ ಬಣ್ಣದಲ್ಲಿ ನಂಬರ್ ಹಾಕಿ. ರಾಸಾಯನಿಕಗಳನ್ನು ಎಣಿಸಲಾಗದು. ಬಾಟಲಿಯ ಪಕ್ಕ ಕಾಗದದ ಪಟ್ಟಿ ಅಂಟಿಸಿ, ತಿಂಗಳಿಗೊಮ್ಮೆ ಮಟ್ಟಕ್ಕೆ ಗೆರೆ ಎಳೆದು ತಾರೀಕು ಹಾಕಿ. ಸೋಡಿಯಂ ಇರುವ ಬಾಟಲಿಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಸೀಮೆಎಣ್ಣೆಯ ಮಟ್ಟ. ತುಂಡು ಮುಳುಗಿರಲೇಬೇಕು.

ಇನ್ನು ಥರ್ಮಾಮೀಟರ್. ದಪ್ಪ ಥರ್ಮೋಕೋಲ್ ಹಲಗೆಯಲ್ಲಿ ನಾಲ್ಕು ನಾಲ್ಕು ಕುಳಿ ಕೊರೆದು, ಒಂದು ಗುಂಪಿಗೆ ಒಂದು ಹಲಗೆ ಕೊಡಿ. ಕೊಡುವಾಗಲೂ ನಾಲ್ಕು, ತರುವಾಗಲೂ ನಾಲ್ಕು. ಖಾಲಿ ಕುಳಿ ದೂರದಿಂದಲೇ ಕಾಣುತ್ತದೆ, ಎಣಿಸುವ ಕೆಲಸವೇ ಇಲ್ಲ. ಬಾರ್ ಮ್ಯಾಗ್ನೆಟ್‌ಗೂ ಹೀಗೇ: ಜೋಡಿಯಾಗಿ, ಒಂದರ ಉತ್ತರ ಧ್ರುವದ ಪಕ್ಕ ಇನ್ನೊಂದರ ದಕ್ಷಿಣ, ಎರಡು ತುದಿಗೂ ಶಕ್ತಿ ಕುಂದದಂತೆ ಇಡುವ ಕಬ್ಬಿಣದ ತುಂಡು, ಅಂದರೆ ಕೀಪರ್. ಕೀಪರ್ ಕಾಣದಿದ್ದರೆ ಅಂದೇ ಹುಡುಕಿ, ಇಲ್ಲದಿದ್ದರೆ ಲೆಕ್ಕಕ್ಕೆ ಮ್ಯಾಗ್ನೆಟ್ ಇರುತ್ತದೆ, ಶಕ್ತಿ ಇರುವುದಿಲ್ಲ. ಗಂಟೆ ಹೊಡೆಯುವ ಐದು ನಿಮಿಷ ಮೊದಲೇ ಪ್ರಯೋಗ ನಿಲ್ಲಿಸಿ. ಗಂಟೆ ಹೊಡೆದ ಮೇಲೆ ಯಾರೂ ಎಣಿಸುವುದಿಲ್ಲ.

ಸಿಬಿಝಡ್_ಧಾರವಾಡ

ಮೇಡಂ, ಎಣಿಕಿ ಮಾತು ಎಲ್ಲಾರೂ ಹೇಳ್ಯಾರ, ನಾ ಬ್ಯಾರೆ ಒಂದು ಕೇಳ್ತೀನಿ. ನಿಮ್ಮ ಶಾಲಿಯೊಳಗ ಸಾಮಾನು ಒಡದ್ರ ಹುಡುಗ್ರಿಗೆ ದಂಡ ಅದ ಏನ್ರಿ? ನಾ ಮೊದಲಿದ್ದ ಶಾಲಿಯೊಳಗ ಇತ್ತು. ಆ ವರ್ಷ ಪುಸ್ತಕದಾಗ ಒಡೆದದ್ದು ಒಂದೂ ಇಲ್ಲ, ಕಪಾಟಿನ್ಯಾಗ ನೋಡಿದ್ರ ಅರ್ಧಾ ಇಲ್ಲ. ಕೂಲಿ ಮಾಡೋರ ಮನಿ ಹುಡುಗ ರೊಕ್ಕ ಎಲ್ಲಿಂದ ತರಬೇಕ್ರಿ? ಮುಚ್ಚಿಡತಾನ. ಪಾದರಸದ ಥರ್ಮಾಮೀಟರ್ ಒಡೆದದ್ದನ್ನ ಮುಚ್ಚಿಟ್ರ ಅದು ಬರೇ ಲೆಕ್ಕದ ತಪ್ಪಲ್ಲ, ಆ ಕೋಣ್ಯಾಗ ಕೂಡೋ ಎಲ್ಲಾ ಮಕ್ಕಳಿಗೂ ಅಪಾಯ. ದಂಡ ತಗೀರಿ. ಬಾಗಿಲ ಹತ್ರ ಒಂದು ನೋಟ್‌ಬುಕ್ ತೂಗ ಹಾಕ್ರಿ. ಏನ ಒಡೀತು, ಹ್ಯಾಂಗ ಒಡೀತು, ಇಷ್ಟ ಬರೀಲಿ, ಹೆಸರು ಬ್ಯಾಡ. ಮತ್ತ ನಿಮ್ಮ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರನ್ನೂ ಒಮ್ಮೆ ಕೇಳ್ರಿ. ನಾವು ಮೊಳಕಿ ಪ್ರಯೋಗಕ್ಕಂತ ಥರ್ಮಾಮೀಟರ್ ಒಯ್ದು ತಿರುಗಿ ಕೊಡೋದು ಮರೀತೀವಿ.

ಮಲೆನಾಡ_ಪಿಸಿಎಂ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೂರರ ಲೆಕ್ಕವೂ ಸಿಕ್ಕಿತು.

ಎರಡು ಸಿಬಿಝಡ್ ಮೇಡಂ ಅವರ ಕಪಾಟಿನಲ್ಲಿದ್ದವು, ಹೆಸರುಕಾಳಿನ ಡಬ್ಬಿಯ ಪಕ್ಕ. ಅವರಿಗೂ ನೆನಪಿರಲಿಲ್ಲ. ಈಗ ಕೊಟ್ಟು-ತರುವ ಪುಸ್ತಕವೊಂದನ್ನು ಇಬ್ಬರೂ ಇಟ್ಟುಕೊಂಡಿದ್ದೇವೆ.

ಮೂರನೆಯದು ನನ್ನ ಮನಸ್ಸಿಗೆ ತುಂಬ ತಟ್ಟಿತು. ಇನ್ನು ದಂಡವಿಲ್ಲ ಎಂದು ತರಗತಿಯಲ್ಲಿ ಹೇಳಿದ ಮರುದಿನ ಒಬ್ಬ ಹುಡುಗ ಊಟದ ಬಿಡುವಿನಲ್ಲಿ ಬಂದು, ಕೊನೆಯ ಮೇಜಿನ ಡ್ರಾಯರ್ ತೋರಿಸಿದ. ನೋಟ್‌ಬುಕ್ ಹಾಳೆಯಲ್ಲಿ ಸುತ್ತಿದ ಗಾಜಿನ ಚೂರು, ಡ್ರಾಯರ್‌ನ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಪಾದರಸದ ಗುಂಡುಗಳು. ಎಷ್ಟು ತಿಂಗಳು ಮಕ್ಕಳು ಅದೇ ಮೇಜಿನ ಮುಂದೆ ಕೂತಿದ್ದಾರೆ! ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿಗಳನ್ನೆಲ್ಲ ತೆರೆದೆ. ಪೊರಕೆ ಮುಟ್ಟಲಿಲ್ಲ, ಗುಡಿಸಿದರೆ ಇನ್ನೂ ಸಣ್ಣ ಗುಂಡುಗಳಾಗಿ ಹರಡುತ್ತದೆ. ಕೈಗವಸು ಹಾಕಿಕೊಂಡು, ದಪ್ಪ ಕಾಗದದಿಂದ ಒಟ್ಟು ಮಾಡಿ, ಡ್ರಾಪರ್‌ನಲ್ಲಿ ಎತ್ತಿ ನೀರಿರುವ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿದೆ. ಸಂದಿಗೆ ಗಂಧಕದ ಪುಡಿ ಉದುರಿಸಿ, ಅದನ್ನೂ ಬೇರೆ ಡಬ್ಬಿಗೆ ತುಂಬಿದೆ. ಸಿಂಕ್‌ಗೆ ಏನನ್ನೂ ಸುರಿಯಲಿಲ್ಲ. ಹುಡುಗನನ್ನು ಬೈಯಲಿಲ್ಲ. ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದೆ. ಇನ್ನು ತರಿಸುವುದೆಲ್ಲ ಆಲ್ಕೊಹಾಲ್ ಥರ್ಮಾಮೀಟರ್‌ಗಳೇ ಎಂದು ಮುಖ್ಯ ಶಿಕ್ಷಕರೂ ಒಪ್ಪಿದ್ದಾರೆ.

ಅಲ್ಲಿಗೆ ಒಡೆದದ್ದು 6, ಇರುವುದು 18. ಒಂದೇ ಪ್ರಶ್ನೆ ಉಳಿದಿದೆ. ರಿಜಿಸ್ಟರ್‌ನಲ್ಲಿ 24 ಹೊಡೆದು ಹಾಕಿ 18 ಬರೆಯಲೇ?

ಸಿಬಿಝಡ್_ಧಾರವಾಡ

ಬ್ಯಾಡ್ರಿ! ಹಳೇ ಅಂಕಿ ಹೊಡೀಬ್ಯಾಡ್ರಿ, ವೈಟ್ನರ್ ಹಚ್ಚಬ್ಯಾಡ್ರಿ. ಕೆಳಗ ಹೊಸ ಸಾಲು ಬರೀರಿ: ತಾರೀಕು, ಎಣಿಸಿದಾಗ ಸಿಕ್ಕದ್ದು 18, ಒಡೆದದ್ದು 6, ಕಾರಣ. ನಿಮ್ಮ ಸಹಿ, ಮುಖ್ಯ ಶಿಕ್ಷಕರ ಸಹಿ. ರೈಟ್ ಆಫ್‌ಗೆ (ಲೆಕ್ಕದಿಂದ ತಗದು ಹಾಕಾಕ) ಮುಖ್ಯ ಶಿಕ್ಷಕರ ಮೂಲಕ ಬರಹದಾಗ ಕಳಸ್ರಿ, ಮಂಜೂರಾತಿ ಬಂದ ಮ್ಯಾಲ ಅದರ ನಂಬರ್ ಅದೇ ಸಾಲಿನ್ಯಾಗ ಹಾಕ್ರಿ. ಆಡಿಟ್‌ನವರು ಕಡಿಮಿ ಆದದ್ದಕ್ಕಿಂತ ತಿದ್ದಿದ್ದನ್ನ ಹೆಚ್ಚು ಕೇಳ್ತಾರ.

ಮಲೆನಾಡ_ಪಿಸಿಎಂ

ಹಾಗೇ ಮಾಡಿದೆ. ಬಾಗಿಲ ಬಳಿಯ ನೋಟ್‌ಬುಕ್‌ನಲ್ಲಿ ಮೊದಲ ಸಾಲು ಇವತ್ತು ಬಂತು, ಎಂಟನೆಯವರ ದುಂಡು ಅಕ್ಷರದಲ್ಲಿ: ‘ಟೆಸ್ಟ್ ಟ್ಯೂಬ್ 1. ಬಿಸಿ ಇದ್ದಾಗಲೇ ತೊಳೆದೆ.’ ನೋಡಿದರೆ ನಲ್ಲಿಯ ಪಕ್ಕ ಆರಲು ಇಡುವ ಸ್ಟ್ಯಾಂಡೇ ಇರಲಿಲ್ಲ. ಒಂದು ಮರದ ಸ್ಟ್ಯಾಂಡ್ ಅಲ್ಲಿಗೆ ತಂದಿಟ್ಟೆ.