ಡೀಸೆಲ್ ಫಿಲ್ಟರ್ ಮನೇಲೇ ಚೇಂಜ್ ಮಾಡಿರೋರು ಸ್ವಲ್ಪ ಹೇಳಿ

ನನ್ನದು 2014ರ ಸ್ವಿಫ್ಟ್ ಡೀಸೆಲ್, ಇರೋದು ತೀರ್ಥಹಳ್ಳಿ ಕಡೆ. ಮಳೆ ಹಿಡಿದಾಗಿಂದ ಮೀಟರಲ್ಲಿ ಫಿಲ್ಟರ್ ಲೈಟ್ ಬಂದು ಬಂದು ಹೋಗ್ತಿದೆ, ಘಾಟಿ ಹತ್ತೋವಾಗ ಪಿಕಪ್ಪೂ ಇಲ್ಲ. ಹೊಸ ಫಿಲ್ಟರ್ ತಂದಿಟ್ಟಿದೀನಿ. ಮನೆ ಟ್ರ್ಯಾಕ್ಟರ್‌ದು ನಾನೇ ಬದಲಾಯಿಸ್ತೀನಿ, ಇದೂ ಹಂಗೇನಾ?

– ಹಾಕ್ಕೋಬಹುದು ಸರ್. ಆ ಲೈಟು ಬಹುಶಃ ನೀರಿಂದು, ಡೀಸೆಲ್‌ಗಿಂತ ನೀರು ಭಾರ ಅಲ್ವಾ, ಫಿಲ್ಟರ್ ತಳದಲ್ಲಿ ಕೂತು ಸೆನ್ಸರ್‌ಗೆ ಮುಟ್ಟಿದ್ರೆ ಲೈಟ್ ಬರುತ್ತೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿ ನೆಗೆಟಿವ್ ತೆಗೀರಿ, ಯಾವ ಪೈಪ್ ಎಲ್ಲಿತ್ತು ಅಂತ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ, ಕೆಳಗೆ ಹಳೇ ಬಟ್ಟೆ ಹಾಸಿ. ಪೈಪಿನ ಲಾಕ್ ಒತ್ತಿ ಹಿಡಿದು ನೇರ ಎಳೀಬೇಕು, ಸ್ಕ್ರೂ ಡ್ರೈವರ್ ಹಾಕಿ ಮೀಟಿದ್ರೆ ಪ್ಲಾಸ್ಟಿಕ್ ಚಟ್ ಅನ್ನುತ್ತೆ. ಹೊಸ ಫಿಲ್ಟರ್ ಜತೆ ಸೆನ್ಸರ್ ಬಂದಿಲ್ಲಾಂದ್ರೆ ಹಳೇದನ್ನೇ ಬಿಚ್ಚಿ ಹಾಕಿ, ಓ ರಿಂಗ್ (ಲೀಕ್ ಆಗದಂಗೆ ಹಾಕೋ ರಬ್ಬರ್ ಬಳೆ) ಮಾತ್ರ ಹೊಸದಿರಲಿ, ಅದಕ್ಕೆ ಒಂಚೂರು ಡೀಸೆಲ್ ಸವರಿ.

– ರೀ ಅಣ್ಣಾರ, ಬಿಚ್ಚಿ ಹಾಕೂದು ಏನೂ ದೊಡ್ಡದಲ್ಲ, ಬಿಚ್ಚಿದಾಗ ಒಳಗ ಹೊಕ್ಕ ಏರ್ ತೆಗಿಯೂದ ಖರೇ ಕೆಲಸ. ಪ್ರೈಮರ್, ಅಂದ್ರ ಡೀಸೆಲ್ ತುಂಬೂ ಕೈಪಂಪ್, ಒತ್ತದ ಸೀದಾ ಸೆಲ್ಫ್ ಹೊಡದ್ರ ಬ್ಯಾಟರಿ ಇಳೀತದ, ಗಾಡಿ ಚಾಲೂ ಆಗಂಗಿಲ್ಲ. ಕೈಗೆ ಗಟ್ಟಿ ಹತ್ತೂತನಾ ಒತ್ರಿ, ಆಮ್ಯಾಲೆ ಸೆಲ್ಫ್. ಒಮ್ಮೆ ಹತ್ತು ಸೆಕೆಂಡ್ ಸಾಕು, ನಡುವ ಸ್ವಲ್ಪ ಬಿಡ್ರಿ.

– ಟ್ರ್ಯಾಕ್ಟರ್ ಅಂದ್ರಲ್ಲ, ಅದಕ್ಕೇ ಹೇಳ್ತಿದೀನಿ. ಅಲ್ಲಿ ಇಂಜೆಕ್ಟರ್ ಪೈಪ್ ನಟ್ ಸಡಿಲ ಮಾಡಿ ಏರ್ ಬಿಡ್ತೀವಿ, ಇಲ್ಲಿ ಅದನ್ನ ದಯವಿಟ್ಟು ಮಾಡ್ಬೇಡಿ. ಇದು ಕಾಮನ್ ರೈಲ್, ಅಂದ್ರೆ ಎಲ್ಲ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಶರ್ ಪೈಪಿಂದ ಡೀಸೆಲ್ ಹೋಗೋದು, ಆ ಪೈಪಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ, ಸೂಜಿಮೊನೆಯಷ್ಟು ಸಂದೀಲಿ ಚಿಮ್ಮಿದ್ರೂ ಡೀಸೆಲ್ ಚರ್ಮದೊಳಗೆ ಹೋಗುತ್ತೆ, ಆಮೇಲೆ ಆಪರೇಷನ್ನೇ. ಇನ್ನೊಂದು, ಹೊಸ ಫಿಲ್ಟರ್‌ಗೆ ಕ್ಯಾನಿಂದ ಡೀಸೆಲ್ ತುಂಬಿ ಹಾಕೋ ಅಭ್ಯಾಸಾನೂ ಬಿಡಿ, ಔಟ್ ಕಡೆ ಸುರಿದ್ರೆ ಕಸ ಸೀದಾ ಪಂಪ್‌ಗೆ ಹೋಗುತ್ತೆ.

– ನಮ್ಮದು ಪೆಟ್ರೋಲ್ ಗಾಡಿ, ಬಾನೆಟ್ ಒಳಗೆ ಫಿಲ್ಟರೇ ಕಾಣಲ್ವಲ್ಲ?

– ಈಗಿನ ಸುಮಾರು ಪೆಟ್ರೋಲ್ ಕಾರಲ್ಲಿ ಅದು ಟ್ಯಾಂಕ್ ಒಳಗೆ ಪಂಪ್ ಜತೆಗೇ ಇರುತ್ತೆ. ಪೆಟ್ರೋಲ್ ಆವಿ ಜತೆ ಮನೇಲಿ ಆಟ ಬೇಡ, ಗ್ಯಾರೇಜ್‌ಗೇ ಕೊಡಿ.

– ಸ್ವಿಫ್ಟ್‌ನೋರೇ, ಹಳೇ ಫಿಲ್ಟರಲ್ಲಿರೋದನ್ನ ಗಾಜಿನ ಬಾಟ್ಲಿಗೆ ಸುರಿದು ಒಂದು ರಾತ್ರಿ ಬಿಡಿ. ತಳದಲ್ಲಿ ನೀರು ಬೇರೆ ಗೆರೆಯಾಗಿ ನಿಲ್ಲುತ್ತೆ. ಜಾಸ್ತಿ ಇದ್ರೆ ಫಿಲ್ಟರ್ ಒಂದೇ ಬದಲಾಯಿಸಿದ್ರೆ ಲೈಟ್ ಮತ್ತೆ ಬರುತ್ತೆ, ಟ್ಯಾಂಕ್ ಇಳಿಸಿ ತೊಳೆಸ್ಬೇಕು. ಆ ಡೀಸೆಲ್ ಚರಂಡಿಗೆ ಚೆಲ್ಬೇಡಿ, ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್‌ಗೆ ಹಾಕಿ.