ವೆರೋದಲ್ಲಿ ಬೆಳೆಸಿದ ಆರ್‌ಎಸ್‌ವಿ ಶ್ವಾಸನಾಳದ ಕಲ್ಚರ್‌ಗೆ ಹತ್ತುತ್ತಿಲ್ಲ, ಏನು ನೋಡಬೇಕು?

ಮಲೆನಾಡ್_ಬಯೋ:
ಎಲ್ಲರಿಗೂ ನಮಸ್ಕಾರ. ನಾವು ಆರ್‌ಎಸ್‌ವಿ ಮೇಲೆ ಕೆಲಸ ಮಾಡುತ್ತಿದ್ದೇವೆ, ಹಸುಗೂಸುಗಳಿಗೆ ಉಸಿರಾಟದ ತೊಂದರೆ ತರುವ ವೈರಸ್. ನಮ್ಮದು ಜಿಎಫ್‌ಪಿ ಅನ್ನುವ ಹಸಿರು ಹೊಳೆಯುವ ಪ್ರೋಟೀನ್‌ನ ಜೀನ್ ಹಾಕಿದ ತಳಿ. ಹಾಗಾಗಿ ಸೋಂಕು ಹತ್ತಿದ ಕೋಶ ಹಸಿರಾಗಿ ಹೊಳೆಯುತ್ತದೆ. ಸ್ಟಾಕ್ (ಪ್ರಯೋಗಕ್ಕೆ ಬೆಳೆಸಿಟ್ಟ ವೈರಸ್) ಬೆಳೆಸಿದ್ದು ವೆರೋ ಅನ್ನುವ ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ. ಅದರಲ್ಲೇ ಪ್ಲಾಕ್ (ವೈರಸ್ ಕೋಶಗಳನ್ನು ಕೊಂದ ಜಾಗ) ಎಣಿಸಿ ಟೈಟರ್, ಅಂದರೆ ಸೋಂಕು ಹತ್ತಿಸಬಲ್ಲ ವೈರಸ್ ಎಷ್ಟಿದೆ ಅನ್ನುವ ಲೆಕ್ಕ, ತೆಗೆದೆವು, ತುಂಬಾ ಚೆನ್ನಾಗಿದೆ.

ಈಗ ಅದೇ ಸ್ಟಾಕನ್ನು ಮನುಷ್ಯರ ಶ್ವಾಸನಾಳದ ಕೋಶಗಳ ಏರ್-ಲಿಕ್ವಿಡ್ ಕಲ್ಚರ್‌ಗೆ (ಕೆಳಗೆ ಮೀಡಿಯಾ, ಮೇಲೆ ಗಾಳಿ ಇಟ್ಟು ಬೆಳೆಸಿದ ಕೋಶಗಳ ಪದರ) ಹಾಕಿದರೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ, ಅಷ್ಟೇ. ಅದೇ ವಯಲ್, ಅದೇ ದಿನ, ಪಕ್ಕದ ವೆರೋ ಪ್ಲೇಟ್ ಪೂರ್ತಿ ಹಸಿರು. ಎಲ್ಲಿಂದ ಹುಡುಕಲು ಶುರು ಮಾಡಲಿ?

ಹಳೇಇನ್ಕ್ಯುಬೇಟರ್:
ಮೊದಲು ಕಲ್ಚರ್ ನೋಡಿ. ಮೇಲಿನ ಮೀಡಿಯಾ ತೆಗೆದು ಗಾಳಿಗೆ ಒಡ್ಡಿ ಎಷ್ಟು ದಿನ ಆಯಿತು? ಸೀಲಿಯಾ (ಕೋಶದ ಮೇಲೆ ಬಡಿಯುವ ಸಣ್ಣ ಕೂದಲಿನಂಥ ಎಳೆಗಳು) ಪೂರ್ತಿ ಬರಲು ಮೂರು-ನಾಲ್ಕು ವಾರ ಬೇಕೇ ಬೇಕು. ಆರ್‌ಎಸ್‌ವಿ ಹತ್ತುವುದು ಹೆಚ್ಚಾಗಿ ಸೀಲಿಯಾ ಇರುವ ಕೋಶಗಳಿಗೇ, ಅದೂ ಮೇಲ್ಭಾಗದಿಂದ. ಇದನ್ನು 2002ರಲ್ಲೇ ಇಂಥ ಕಲ್ಚರ್‌ಗಳಲ್ಲಿ ತೋರಿಸಿದ್ದಾರೆ. ಕೆಳಗಿನ ಮೀಡಿಯಾಕ್ಕೆ ವೈರಸ್ ಹಾಕಿ ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ.

ಎರಡನೆಯದು ಲೋಳೆ. ವಾರಗಟ್ಟಲೆ ಬಿಟ್ಟ ಕಲ್ಚರ್ ಮೇಲೆ ಗಟ್ಟಿ ಪದರ ಕಟ್ಟಿರುತ್ತದೆ. ವೈರಸ್ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಚ್ಚಗಿನ ಪಿಬಿಎಸ್ (ಕೋಶ ತೊಳೆಯುವ ಉಪ್ಪಿನ ದ್ರಾವಣ) ಹಾಕಿ, ಸ್ವಲ್ಪ ಹೊತ್ತು ಇನ್ಕ್ಯುಬೇಟರ್‌ನಲ್ಲಿಟ್ಟು, ಮೆಲ್ಲಗೆ ತೆಗೆಯಿರಿ. ಪದರ ದಪ್ಪ ಇದ್ದರೆ ಇನ್ನೊಮ್ಮೆ.

ಮಲೆನಾಡ್_ಬಯೋ:
ಧನ್ಯವಾದ ಸರ್. ನಾಲ್ಕು ವಾರ ದಾಟಿದ ಕಲ್ಚರ್ ಇದು. ಮೈಕ್ರೋಸ್ಕೋಪ್‌ನಲ್ಲಿ ಸೀಲಿಯಾ ಬಡಿಯುವುದು ಚೆನ್ನಾಗಿ ಕಾಣುತ್ತದೆ. ಪದರದ ವಿದ್ಯುತ್ ರೋಧವೂ ಸರಿ ಇದೆ, ಎಲ್ಲೂ ಸೋರಿಕೆ ಇಲ್ಲ. ವೈರಸ್ ಹಾಕುವ ಮೊದಲು ಪಿಬಿಎಸ್‌ನಲ್ಲಿ ತೊಳೆದಿದ್ದೇವೆ. ಹಾಕಿದ್ದೂ ಮೇಲಿನಿಂದಲೇ.

ಪ್ಲಾಕ್_ಎಣಿಕೆ:
ಹಾಗಾದರೆ ಕಲ್ಚರ್ ಬಿಡಿ, ಸ್ಟಾಕ್ ನೋಡಿ. ನಿಮ್ಮ ಪೋಸ್ಟ್‌ನ ಮೊದಲ ಪ್ಯಾರಾದಲ್ಲೇ ಕಾರಣ ಇದೆ: ವೆರೋ.

ಆರ್‌ಎಸ್‌ವಿ ಮೇಲ್ಮೈಯಲ್ಲಿ ಜಿ ಅನ್ನುವ ಪ್ರೋಟೀನ್ ಇದೆ. ಕೋಶಕ್ಕೆ ಅಂಟಿಕೊಳ್ಳುವ ಕೆಲಸ ಅದರದ್ದು. ಹೆಪ್-2 ಅನ್ನುವ ಮನುಷ್ಯರ ಕೋಶಗಳಲ್ಲಿ ಬೆಳೆಸಿದ ವೈರಸ್‌ನಲ್ಲಿ ಇದರ ತೂಕ ಸುಮಾರು 90 ಕಿಲೋಡಾಲ್ಟನ್ ಇರುತ್ತದೆ. ವೆರೋದಲ್ಲಿ ಬೆಳೆಸಿದರೆ ಹೆಚ್ಚಿನದೆಲ್ಲ 55ಕ್ಕೆ ಇಳಿದಿರುತ್ತದೆ. ವೆರೋ ಕೋಶದ ಕ್ಯಾಥೆಪ್ಸಿನ್ ಎಲ್ ಅನ್ನುವ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಜಿ ತುಂಡಾಗುವ ವಿಷಯ 2009ರಲ್ಲಿ ಪ್ರಕಟವಾಯಿತು. ಕತ್ತರಿಸುವ ಕಿಣ್ವ ಯಾವುದು ಅನ್ನುವುದು ಆಮೇಲೆ ತಿಳಿಯಿತು.

ಮತ್ತೆ ವೆರೋದಲ್ಲಿ ಟೈಟರ್ ಯಾಕೆ ಚೆನ್ನಾಗಿ ಬಂತು? ವೆರೋ, ಹೆಪ್-2 ಥರದ ಕೋಶಗಳ ಮೈಮೇಲೆ ಹೆಪರಾನ್ ಸಲ್ಫೇಟ್ ಅನ್ನುವ ಸಕ್ಕರೆಯ ಸರಪಳಿ ಜಾಸ್ತಿ ಇರುತ್ತದೆ, ವೈರಸ್ ಅದಕ್ಕೆ ಅಂಟಿಕೊಳ್ಳಬಲ್ಲದು. ತುಂಡಾದ ಜಿ ಇದ್ದರೂ ವೈರಸ್ ಅಲ್ಲಿ ಹೇಗೋ ಒಳಗೆ ಹೋಗುತ್ತದೆ. ಸೀಲಿಯಾ ಇರುವ ಕೋಶದ ಮೇಲ್ಭಾಗದಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ಜಿ ಹಿಡಿಯುವುದು ಸಿಎಕ್ಸ್3ಸಿಆರ್1 ಅನ್ನುವ ಗ್ರಾಹಕವನ್ನು. ಅದಕ್ಕೆ ಪೂರ್ತಿ ಜಿ ಬೇಕು. ನಿಮ್ಮ ಟೈಟರ್ ಸುಳ್ಳಲ್ಲ, ಆದರೆ ಅದು ವೆರೋಗೆ ಮಾತ್ರ ಸರಿ. ಆ ಲೆಕ್ಕದಲ್ಲಿ ಕೋಶಕ್ಕೊಂದು ವೈರಸ್ ಅಂತ ಹಾಕಿದರೂ ಶ್ವಾಸನಾಳದ ಕಲ್ಚರ್‌ಗೆ ಸಿಗುವುದು ತೀರಾ ಕಡಿಮೆ.

ಒಂದು ಸಮಾಧಾನ ಇದೆ. ಜೀನ್ ಕೆಟ್ಟಿಲ್ಲ, ಪ್ರೋಟೀನ್ ಮಾತ್ರ ತುಂಡಾಗಿದೆ. ಇದೇ ಸ್ಟಾಕನ್ನು ಹೆಪ್-2ನಲ್ಲಿ ಒಂದು ಸುತ್ತು ಬೆಳೆಸಿದರೆ ಪೂರ್ತಿ ಜಿ ವಾಪಸ್ ಬರುತ್ತದೆ. ಮೊದಲು ಎರಡೂ ಸ್ಟಾಕ್‌ಗಳ ಜಿ ಮೇಲೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ನ ಗಾತ್ರ ತೋರಿಸುವ ಪರೀಕ್ಷೆ) ಮಾಡಿ ನೋಡಿಕೊಳ್ಳಿ. ಆದರೆ ವೆರೋದಲ್ಲಿ ಸುತ್ತು ಮೇಲೆ ಸುತ್ತು ಓಡಿಸುತ್ತಾ ಹೋಗಬೇಡಿ. ಸಿಪಿ-52 ಅನ್ನುವ ಲಸಿಕೆ ತಳಿ ಹಾಗೆ ಬೆಳೆಯುತ್ತಾ ಜಿ ಮತ್ತು ಎಸ್‌ಎಚ್ ಜೀನ್‌ಗಳನ್ನೇ ಕಳೆದುಕೊಂಡಿತು. ವೆರೋದಲ್ಲಿ ಸೊಗಸಾಗಿ ಬೆಳೆಯುತ್ತಿತ್ತು, ಮನುಷ್ಯರಲ್ಲಿ ಬೆಳೆಯಲೇ ಇಲ್ಲ ಅನ್ನುವಷ್ಟು ಕಡಿಮೆ.

ಹಳೇಇನ್ಕ್ಯುಬೇಟರ್:
ಮೇಡಂ ಹೇಳಿದ್ದು ಸರಿ. ವೆರೋವನ್ನು ಎಲ್ಲರೂ ಇಷ್ಟಪಡುವುದಕ್ಕೆ ಕಾರಣ ಇದೆ. 1962ರಲ್ಲಿ ಜಪಾನಿನ ಚಿಬಾದಲ್ಲಿ ಆಫ್ರಿಕಾದ ಕೋತಿಯ ಮೂತ್ರಪಿಂಡದಿಂದ ಮಾಡಿದ ಕೋಶ ಅದು. ವೈರಸ್ ತಡೆಯುವ ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ತಯಾರಿಸುವುದಿಲ್ಲ, ಹಾಗಾಗಿ ಎಷ್ಟೋ ವೈರಸ್‌ಗಳು ಅದರಲ್ಲಿ ತಡೆಯಿಲ್ಲದೆ ಬೆಳೆಯುತ್ತವೆ. ಆದರೆ ಕೋತಿಯ ಕಿಡ್ನಿ ಮಗುವಿನ ಶ್ವಾಸಕೋಶ ಅಲ್ಲ, ಅಲ್ವಾ?

ಕೋಶಕುತೂಹಲಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಎಂಎಸ್ಸಿ ಓದುತ್ತಿದ್ದೇನೆ. ವೈರಸ್ ಬೆಳೆಸುವಾಗ ಇಷ್ಟು ವ್ಯತ್ಯಾಸ ಬಂದರೆ ಔಷಧಿ ಪರೀಕ್ಷೆಯಲ್ಲೂ ಬರುತ್ತದಾ?

ಪ್ಲಾಕ್_ಎಣಿಕೆ:
ಖಂಡಿತ ಬರುತ್ತದೆ. 2020ರಲ್ಲಿ ಮಲೇರಿಯಾ ಔಷಧಿ ಕ್ಲೋರೋಕ್ವಿನ್ ವಿಷಯದಲ್ಲಿ ಆದದ್ದೇ ಇದು. ವೆರೋ ಕೋಶಗಳಲ್ಲಿ ಅದು ಕೋವಿಡ್ ವೈರಸನ್ನು ತಡೆಯಿತು. ಮನುಷ್ಯರ ಶ್ವಾಸಕೋಶದಿಂದ ಬಂದ ಕ್ಯಾಲು-3 ಕೋಶಗಳಲ್ಲಿ ತಡೆಯಲಿಲ್ಲ. ವೆರೋದಲ್ಲಿ ಟಿಎಂಪಿಆರ್‌ಎಸ್‌ಎಸ್2 ಅನ್ನುವ ಕಿಣ್ವ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ವೈರಸ್ ಎಂಡೋಸೋಮ್ (ಕೋಶ ಹೊರಗಿನದನ್ನು ಒಳಗೆಳೆದುಕೊಳ್ಳುವ ಪುಟ್ಟ ಚೀಲ) ದಾರಿ ಹಿಡಿಯುತ್ತದೆ. ಅಲ್ಲಿ ಅದರ ಸ್ಪೈಕ್ ಪ್ರೋಟೀನನ್ನು ಕತ್ತರಿಸಿ ದಾರಿ ಮಾಡಿಕೊಡುವುದೂ ಕ್ಯಾಥೆಪ್ಸಿನ್ ಎಲ್. ಕ್ಲೋರೋಕ್ವಿನ್ ಮುಚ್ಚುವುದು ಆ ದಾರಿಯನ್ನು. ಶ್ವಾಸಕೋಶದ ಕೋಶದಲ್ಲಿ ಟಿಎಂಪಿಆರ್‌ಎಸ್‌ಎಸ್2 ಇರುವುದರಿಂದ ವೈರಸ್ ಬೇರೆ ಬಾಗಿಲಿನಿಂದ ಬರುತ್ತದೆ. ಜನ ಜೀವ ಕೈಯಲ್ಲಿ ಹಿಡಿದು ಔಷಧಿಗಾಗಿ ಕಾಯುತ್ತಿದ್ದ ಕಾಲ ಅದು. ಸರಿಯಾದ ಕೋಶದಲ್ಲಿ ಬೇಗ ನೋಡಿದ್ದರೆ ಎಷ್ಟು ಶ್ರಮ ಉಳಿಯುತ್ತಿತ್ತು ಅಂತ ನನಗೆ ಇಂದಿಗೂ ಅನಿಸುತ್ತದೆ. ಉಸಿರಾಟದ ವೈರಸ್ ಮೇಲೆ ಔಷಧಿ ನೋಡುವವರು ಒಂದು ಸಲವಾದರೂ ಶ್ವಾಸನಾಳದ ಕೋಶದಲ್ಲಿ ನೋಡಲೇಬೇಕು.

ಮಲೆನಾಡ್_ಬಯೋ:
ಅಪ್‌ಡೇಟ್: ಬ್ಲಾಟ್ ಆಯಿತು. ವೆರೋ ಸ್ಟಾಕ್‌ನಲ್ಲಿ 55ರ ಹತ್ತಿರ ದಪ್ಪ ಬ್ಯಾಂಡ್. ಹೆಪ್-2 ಸ್ಟಾಕ್‌ನಲ್ಲಿ 90ರ ಹತ್ತಿರ. ಹೊಸ ಸ್ಟಾಕ್ ಹಾಕಿದ ಕಲ್ಚರ್ ಈಗ ನಿಜಕ್ಕೂ ಹಸಿರಾಗಿದೆ! ಇಬ್ಬರಿಗೂ ತುಂಬಾ ಧನ್ಯವಾದ.

ಇನ್ನೊಂದು ಅನುಮಾನ. ಹೆಪ್-2ನಲ್ಲಿ ಕೋಶಗಳು ಒಂದಕ್ಕೊಂದು ಬೆಸೆದು ದೊಡ್ಡ ಸಿನ್ಸೀಶಿಯಂ ಆಗುತ್ತವೆ. ಇಲ್ಲಿ ಹಾಗೆ ಕಾಣುತ್ತಿಲ್ಲ. ಇದೂ ತೊಂದರೆಯೇ?

ಹಳೇಇನ್ಕ್ಯುಬೇಟರ್:
ಅಲ್ಲ. ಇಂಥ ಕಲ್ಚರ್‌ನಲ್ಲಿ ಸಾಮಾನ್ಯವಾಗಿ ಸಿನ್ಸೀಶಿಯಂ ಕಾಣುವುದಿಲ್ಲ. ಸೋಂಕು ಹತ್ತಿದ ಸೀಲಿಯಾ ಕೋಶ ಉಬ್ಬಿ, ಪದರದಿಂದ ಕಳಚಿ ಲೋಳೆಗೆ ಬೀಳುತ್ತದೆ. ಮೇಲಿನ ತೊಳೆದ ನೀರನ್ನು ಚೆಲ್ಲಬೇಡಿ. ವೈರಸ್ ಹೊರಬರುವುದು ಮೇಲ್ಭಾಗದಿಂದಲೇ, ಅದನ್ನೇ ಟೈಟರ್ ಮಾಡಿ.

ಪ್ಲಾಕ್_ಎಣಿಕೆ:
ಕಂಟ್ರೋಲ್ ಬಗ್ಗೆ ಒಂದು ಮಾತು. ಹೆಪ್-2 ಸ್ಟಾಕ್‌ನಲ್ಲಿ ವೈರಸ್ ಜೊತೆಗೆ ಆ ಕೋಶಗಳು ಬಿಟ್ಟ ಸೈಟೋಕೈನ್‌ಗಳೂ (ಉರಿಯೂತದ ಸಂಕೇತ ಕೊಡುವ ಪ್ರೋಟೀನ್‌ಗಳು) ಇರುತ್ತವೆ. ಬರೀ ಮೀಡಿಯಾವನ್ನು ಮಾಕ್ (ಹೋಲಿಕೆಗೆ ಇಡುವ ವೈರಸ್ ಇಲ್ಲದ ದ್ರವ) ಅಂತ ಇಟ್ಟರೆ, ಅವುಗಳಿಂದ ಆದ ಉರಿಯೂತವನ್ನೂ ವೈರಸ್‌ನ ತಲೆಗೆ ಕಟ್ಟಿಬಿಡುತ್ತೀರಿ. ಸೋಂಕಿಲ್ಲದ ಹೆಪ್-2 ಕೋಶಗಳಿಂದ ಅದೇ ರೀತಿ ತಯಾರಿಸಿದ ದ್ರವವನ್ನು ಮಾಕ್ ಆಗಿ ಬಳಸಿ. ಇಲ್ಲವೇ ಸ್ಟಾಕನ್ನು ಸುಕ್ರೋಸ್ ಗ್ರೇಡಿಯೆಂಟ್‌ನಲ್ಲಿ (ಸಾಂದ್ರತೆ ಬದಲಾಗುವ ಸಕ್ಕರೆ ದ್ರಾವಣದಲ್ಲಿ ತಿರುಗಿಸಿ) ಶುದ್ಧ ಮಾಡಿ. ಇಂಟರ್‌ಫೆರಾನ್ ಅಳೆಯುವ ಯೋಚನೆ ಇದ್ದರೆ ಎರಡನ್ನೂ ಮಾಡಿ.